ಅಮೆರಿಕದ ದೊಡ್ಡ ಯೂನಿವರ್ಸಿಟಿಯಲ್ಲಿ ಕ್ಲಬ್ ಸೇರುವುದು ಹೇಗೆ: ಮೊದಲ ಸೆಮಿಸ್ಟರ್‌ನವರಿಗೆ ಮಾರ್ಗದರ್ಶಿ

ಎಂಎಸ್ (ಮಾಸ್ಟರ್ಸ್ ಡಿಗ್ರಿ) ಮಾಡಲು ಅಮೆರಿಕಕ್ಕೆ ಹೊರಟವರು ವೀಸಾ, ಮನೆ, ರೂಮ್‌ಮೇಟ್, ಪ್ರೆಷರ್ ಕುಕ್ಕರ್, ಸಾರಿನ ಪುಡಿ ಎಲ್ಲದರ ಬಗ್ಗೆಯೂ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಕ್ಲಬ್‌ಗಳ ವಿಷಯ ಮಾತ್ರ ಹೋದ ಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟುಬಿಡುತ್ತಾರೆ. ಹೋದ ಮೇಲೆ ಬ್ಯಾಂಕ್ ಖಾತೆ, ಸಿಮ್, ಕ್ಲಾಸ್ ರಿಜಿಸ್ಟ್ರೇಷನ್ ಅಂತ ಓಡಾಡುವುದರಲ್ಲೇ ಎರಡು ವಾರ ಕಳೆದುಹೋಗುತ್ತದೆ. ಅಲ್ಲಿನ ಕ್ಲಬ್‌ಗಳು ಹೊಸಬರನ್ನು ಸೇರಿಸಿಕೊಳ್ಳುವುದು ಸರಿಯಾಗಿ ಆ ಎರಡು ವಾರಗಳಲ್ಲೇ.

ಎಂಎಸ್ ಅಂದರೆ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಸೆಮಿಸ್ಟರ್. ಕೊನೆಯ ಸೆಮಿಸ್ಟರ್ ಕೆಲಸ ಹುಡುಕುವುದರಲ್ಲೇ ಹೋಗುತ್ತದೆ. ಹಾಗಾಗಿ ಮೊದಲ ಸೆಮಿಸ್ಟರ್‌ನ ಮೊದಲ ತಿಂಗಳನ್ನು ಜೋಪಾನವಾಗಿ ಬಳಸಿಕೊಳ್ಳಬೇಕು. ಪಿಯುಸಿ ಮುಗಿಸಿ ನಾಲ್ಕು ವರ್ಷದ ಡಿಗ್ರಿಗೆ ಹೋಗುವವರಿಗೆ ಸ್ವಲ್ಪ ಜಾಸ್ತಿ ಸಮಯ ಸಿಗುತ್ತದೆ, ಆದರೆ ದಾರಿ ಇಬ್ಬರಿಗೂ ಒಂದೇ.

ಉದಾಹರಣೆಗೆ ನಾನು ಇಲಿನಾಯ್ ಯೂನಿವರ್ಸಿಟಿಯ ಅರ್ಬಾನಾ-ಶ್ಯಾಂಪೇನ್ ಕ್ಯಾಂಪಸ್ಸನ್ನು ತೆಗೆದುಕೊಂಡಿದ್ದೇನೆ. ನಮ್ಮ ಹುಡುಗರು ಹುಡುಗಿಯರು ಯುಐಯುಸಿ ಎಂದು ಕರೆಯುವ ಜಾಗ. ಶಿಕಾಗೋದಿಂದ ದಕ್ಷಿಣಕ್ಕೆ ಸುಮಾರು 220 ಕಿಲೋಮೀಟರ್, ಸುತ್ತ ಜೋಳ ಮತ್ತು ಸೋಯಾ ಹೊಲಗಳು, ನಡುವೆ 50 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು. ಅವರಲ್ಲಿ 10 ಸಾವಿರಕ್ಕೂ ಹೆಚ್ಚು ಜನ ಬೇರೆ ದೇಶಗಳಿಂದ ಬಂದವರು. ನೋಂದಾಯಿತ ಕ್ಲಬ್‌ಗಳೇ ಸಾವಿರದ ಮೇಲಿವೆ. ಪರ್ಡ್ಯೂ, ಮಿಷಿಗನ್, ಅರಿಜೋನಾ ಸ್ಟೇಟ್‌ನಂಥ ಬೇರೆ ದೊಡ್ಡ ಯೂನಿವರ್ಸಿಟಿಗಳಲ್ಲೂ ಹೆಸರುಗಳು ಬದಲಾಗುತ್ತವೆ, ಕೆಲಸ ನಡೆಯುವ ರೀತಿ ಹೆಚ್ಚುಕಡಿಮೆ ಇದೇ.

ಮೊದಲು, ಅಲ್ಲಿ ಕ್ಲಬ್ ಅಂದರೆ ಏನು

ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕ್ಲಬ್ಬಿಗೆ ಒಬ್ಬರು ಲೆಕ್ಚರರ್ ಕೋಆರ್ಡಿನೇಟರ್ ಇರುತ್ತಾರೆ. ಹಾಲ್ ಬೇಕಾದರೆ ಎಚ್‌ಒಡಿ ಸಹಿ, ಬ್ಯಾನರ್ ಕಟ್ಟಬೇಕಾದರೆ ಪ್ರಿನ್ಸಿಪಾಲರ ಸಹಿ. ಕಾರ್ಯಕ್ರಮ ಇದ್ದರೆ ಸರ್ಕ್ಯುಲರ್ ಬರುತ್ತದೆ, ಅಟೆಂಡೆನ್ಸ್ ಕೊಡುತ್ತಾರೆ ಅಂದರೆ ಹಾಲ್ ತುಂಬುತ್ತದೆ.

ಅಲ್ಲಿ ಕ್ಲಬ್ ಪೂರ್ತಿಯಾಗಿ ವಿದ್ಯಾರ್ಥಿಗಳದ್ದು. ಅದಕ್ಕೊಂದು ಲಿಖಿತ ನಿಯಮಾವಳಿ ಇರುತ್ತದೆ. ಪ್ರೆಸಿಡೆಂಟ್, ಟ್ರೆಷರರ್ ಚುನಾವಣೆಯಲ್ಲಿ ಆರಿಸಿ ಬರುತ್ತಾರೆ. ರೂಮ್ ಬುಕ್ ಮಾಡುವುದು, ದುಡ್ಡಿಗೆ ಅರ್ಜಿ ಹಾಕುವುದು, ಖರ್ಚಿನ ಲೆಕ್ಕ ಕೊಡುವುದು ಎಲ್ಲ ಅವರೇ. ಪ್ರೊಫೆಸರ್ ಒಬ್ಬರು ಸಲಹೆಗಾರರಾಗಿದ್ದರೂ ದಿನದಿನದ ಕೆಲಸಕ್ಕೆ ತಲೆ ಹಾಕುವುದು ಕಡಿಮೆ. ಯುಐಯುಸಿಯಲ್ಲಿ ಇಂಥ ಕ್ಲಬ್‌ಗಳನ್ನು ಆರ್‌ಎಸ್‌ಒ ಎಂದು ಕರೆಯುತ್ತಾರೆ, ಅಂದರೆ ನೋಂದಾಯಿತ ವಿದ್ಯಾರ್ಥಿ ಸಂಘಟನೆ. ಹೋದ ದಿನದಿಂದ ಈ ಮೂರಕ್ಷರ ಕಿವಿಗೆ ಬೀಳುತ್ತಲೇ ಇರುತ್ತದೆ.

ಹೀಗಿರುವುದರಿಂದ ಎರಡು ಸಂಗತಿ ಆಗುತ್ತವೆ. ನಿಮ್ಮನ್ನು ಹುಡುಕಿಕೊಂಡು ಬಂದು ಕರೆಯುವ ಹೊಣೆ ಅಲ್ಲಿ ಯಾರ ಮೇಲೂ ಇಲ್ಲ. ಆದರೆ ನೀವಾಗಿಯೇ ಒಳಗೆ ಹೋದರೆ, 20 ವರ್ಷದ ಹುಡುಗಿಯೂ ಸಾವಿರಾರು ಡಾಲರ್ ಬಜೆಟ್ ನೋಡಿಕೊಳ್ಳುವುದನ್ನು ಕಾಣುತ್ತೀರಿ. ನಾಳೆ ಆ ಜಾಗಕ್ಕೆ ನೀವೂ ಹೋಗಬಹುದು.

ಅಲ್ಲಿನ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳ ಎಸಿಎಂ (ಅಸೋಸಿಯೇಷನ್ ಫಾರ್ ಕಂಪ್ಯೂಟಿಂಗ್ ಮೆಷಿನರಿ) ಕ್ಲಬ್ಬನ್ನೇ ನೋಡಿ. 1990ರ ದಶಕದಲ್ಲಿ ಮ್ಯಾಕ್ಸ್ ಲೆವ್ಚಿನ್, ಲ್ಯೂಕ್ ನೋಸೆಕ್, ಸ್ಕಾಟ್ ಬ್ಯಾನಿಸ್ಟರ್ ಎಂಬ ಮೂವರು ಅಲ್ಲೇ ಪರಿಚಯವಾದರು. ಮುಂದೆ ಲೆವ್ಚಿನ್ ಮತ್ತು ನೋಸೆಕ್ ಆನ್‌ಲೈನ್‌ನಲ್ಲಿ ಹಣ ಕಳಿಸುವ ಪೇಪಾಲ್ ಕಂಪನಿ ಕಟ್ಟಿದವರಲ್ಲಿ ಇಬ್ಬರಾದರು. ಅದೇ ಕ್ಲಬ್ಬಿನವರು 1995ರಿಂದ ರಿಫ್ಲೆಕ್ಷನ್ಸ್ ಪ್ರೊಜೆಕ್ಷನ್ಸ್ ಎಂಬ ಟೆಕ್ ಸಮ್ಮೇಳನ ನಡೆಸುತ್ತಿದ್ದಾರೆ. ಕಂಪನಿಗಳನ್ನು ಕರೆಸುವುದು, ಭಾಷಣಕಾರರನ್ನು ಒಪ್ಪಿಸುವುದು, ಊಟ ಹಂಚುವುದು ಎಲ್ಲ ವಿದ್ಯಾರ್ಥಿಗಳೇ.

ವಿಮಾನ ಹತ್ತುವ ಮುಂಚೆ: ಪಟ್ಟಿ ಮಾಡಿಕೊಳ್ಳಿ

ಎಫ್-1 ವೀಸಾದವರು, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಹೋಗುವವರು, ಕೋರ್ಸ್ ಶುರುವಾಗುವ ದಿನಕ್ಕಿಂತ 30 ದಿನ ಮುಂಚಿತವಾಗಿ ಮಾತ್ರ ಅಮೆರಿಕದೊಳಗೆ ಹೋಗಬಹುದು. ಯುಐಯುಸಿಯಲ್ಲಿ ಕ್ಲಾಸ್ ಶುರುವಾಗುವುದು ಆಗಸ್ಟ್ ಕೊನೆಗೆ. ಟಿಕೆಟ್ ಬುಕ್ ಮಾಡುವಾಗ ಒಂದು ವಾರವಾದರೂ ಮೊದಲೇ ತಲುಪುವ ಹಾಗೆ ನೋಡಿಕೊಳ್ಳಿ. ಕ್ಲಬ್‌ಗಳ ದೊಡ್ಡ ಮೇಳ ಕ್ಲಾಸಿಗಿಂತ ಮೊದಲೇ ಇರುತ್ತದೆ.

ಪ್ರತಿ ಯೂನಿವರ್ಸಿಟಿಯ ವೆಬ್‌ಸೈಟ್‌ನಲ್ಲೂ ಕ್ಲಬ್‌ಗಳ ಪಟ್ಟಿ ಇರುತ್ತದೆ. ಊರಲ್ಲಿ ಕೂತೇ ನೋಡಬಹುದು. ಸಾವಿರ ಹೆಸರು ಓದುವುದು ಬೇಡ. ನಿಮ್ಮ ಓದಿಗೆ ಸಂಬಂಧಪಟ್ಟದ್ದು ಮೂರು, ನಿಮಗೆ ಈಗಾಗಲೇ ಗೊತ್ತಿರುವ ಆಟ ಅಥವಾ ಕಲೆಯದ್ದು ಮೂರು, ಜೀವನದಲ್ಲಿ ಯಾವತ್ತೂ ಮಾಡದೇ ಇದ್ದದ್ದು ಎರಡು ಗುರುತು ಹಾಕಿಕೊಳ್ಳಿ. ಕೊನೆಯ ಎರಡನ್ನು ಬಿಡಬೇಡಿ. ಬೆಟ್ಟ ಹತ್ತುವವರು, ರೇಡಿಯೋ ನಡೆಸುವವರು, ಬಲೂನ್ ಹಾರಿಸುವವರು, ನಾಟಕಕ್ಕೆ ಲೈಟಿಂಗ್ ಮಾಡುವವರು ನಮ್ಮ ಕಾಲೇಜುಗಳಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಪಟ್ಟಿಯಲ್ಲಿರುವ ಎಲ್ಲ ಕ್ಲಬ್‌ಗಳೂ ನಡೆಯುತ್ತಿರುವುದಿಲ್ಲ. ಹೆಸರು ಉಳಿದು ಜನ ಹೋಗಿರುವುದೂ ಉಂಟು. ಅವರ ಇನ್‌ಸ್ಟಾಗ್ರಾಂ ಪುಟ ತೆಗೆದು ಕೊನೆಯ ಪೋಸ್ಟ್ ಯಾವಾಗಿನದು ನೋಡಿ. ಕಳೆದ ಏಪ್ರಿಲ್‌ನಲ್ಲಿ ಏನಾದರೂ ನಡೆದಿದ್ದರೆ ಕ್ಲಬ್ ಜೀವಂತವಾಗಿದೆ. ಎರಡು ವರ್ಷದಿಂದ ಸದ್ದಿಲ್ಲ ಅಂದರೆ ಪಟ್ಟಿಯಿಂದ ತೆಗೆಯಿರಿ.

ತುಂಬಾ ಇಷ್ಟವಾದ ಒಂದೆರಡು ಕ್ಲಬ್‌ಗಳಿಗೆ ಜುಲೈನಲ್ಲೇ ಇಮೇಲ್ ಹಾಕಿ. ನಾಲ್ಕು ಸಾಲು ಸಾಕು: ನೀವು ಯಾರು, ಯಾವ ಕೋರ್ಸಿಗೆ ಬರುತ್ತಿದ್ದೀರಿ, ಆ ಕ್ಲಬ್ಬಿನ ಯಾವ ಕೆಲಸ ಇಷ್ಟವಾಯಿತು, ಮೊದಲ ಮೀಟಿಂಗ್ ಯಾವಾಗ. "ರೆಸ್ಪೆಕ್ಟೆಡ್ ಸರ್" ಎಂದು ಶುರುಮಾಡಬೇಡಿ. ಆ ಕಡೆ ಓದುವವರು ನಿಮಗಿಂತ ಚಿಕ್ಕವರೇ ಇರಬಹುದು. ಹೆಸರು ಹಿಡಿದು ಬರೆದರೆ ಅವರಿಗೆ ಬೇಜಾರಿಲ್ಲ, ಅದೇ ಅಲ್ಲಿನ ರೂಢಿ.

ಕ್ವಾಡ್ ಡೇ: ಮೇಳದಲ್ಲಿ ಏನು ಕೇಳಬೇಕು

ಯುಐಯುಸಿಯಲ್ಲಿ ಕ್ಲಬ್‌ಗಳ ಮೇಳಕ್ಕೆ ಕ್ವಾಡ್ ಡೇ ಎಂದು ಹೆಸರು. 1971ರಿಂದ ನಡೆದುಬಂದಿದೆ. ಉತ್ತರಕ್ಕೆ ಇಲಿನಿ ಯೂನಿಯನ್ ಕಟ್ಟಡ, ದಕ್ಷಿಣಕ್ಕೆ ಗುಮ್ಮಟದ ಫೋಲಿಂಜರ್ ಸಭಾಂಗಣ, ನಡುವಿನ ದೊಡ್ಡ ಹುಲ್ಲುಹಾಸಿನ ಸುತ್ತ ನೂರಾರು ಮೇಜುಗಳು. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಬುಲ್ ಟೆಂಪಲ್ ರಸ್ತೆ ಹೇಗಿರುತ್ತದೋ ಅಷ್ಟು ಜನ. ಮಿಷಿಗನ್ ಯೂನಿವರ್ಸಿಟಿಯಲ್ಲಿ ಇಂಥದ್ದೇ ಮೇಳಕ್ಕೆ ಫೆಸ್ಟಿಫಾಲ್ ಎನ್ನುತ್ತಾರೆ.

ಬಿಸಿಲು ಜೋರಾಗಿರುತ್ತದೆ. ನೀರಿನ ಬಾಟಲಿ, ಟೋಪಿ ತೆಗೆದುಕೊಂಡು ಹೋಗಿ. ಶುರುವಾದ ತಕ್ಷಣ ಹೋದರೆ ಮೇಜಿನ ಹಿಂದೆ ಇರುವವರಿಗೆ ಮಾತಾಡಲು ಪುರುಸೊತ್ತಿರುತ್ತದೆ. ಪಟ್ಟಿಯಲ್ಲಿ ಗುರುತು ಮಾಡಿದ ಕ್ಲಬ್‌ಗಳನ್ನು ಮೊದಲು ಮುಗಿಸಿ. ಆಮೇಲೆ ಸುಮ್ನೆ ಸುತ್ತಿ.

ಹೊಸಬರು ಸಾಮಾನ್ಯವಾಗಿ ಮಾಡುವುದು ಇಷ್ಟು: ಕಂಡ ಕಂಡ ಮೇಜಿಗೆಲ್ಲ ಹೋಗಿ ಇಮೇಲ್ ಬರೆದು, ಉಚಿತ ಪೆನ್ನು, ಸ್ಟಿಕ್ಕರ್ ತೆಗೆದುಕೊಂಡು ಬರುತ್ತಾರೆ. ಮರುದಿನದಿಂದ ಇನ್‌ಬಾಕ್ಸ್ ತುಂಬುತ್ತದೆ. ಒಂದು ವಾರದಲ್ಲಿ ಯಾವುದನ್ನೂ ಓದದೆ ಅಳಿಸಲು ಶುರುಮಾಡುತ್ತಾರೆ. ಇಮೇಲ್ ಐದಾರು ಕಡೆ ಮಾತ್ರ ಕೊಡಿ. ಆದರೆ ಆ ಐದಾರು ಕಡೆ ನಿಂತು ಮಾತಾಡಿ.

ಏನು ಮಾತಾಡುವುದು ಎಂಬ ಅಳುಕು ಇದ್ದೇ ಇರುತ್ತದೆ, ಅಲ್ವಾ? ಈ ನಾಲ್ಕು ಪ್ರಶ್ನೆ ಸಾಕು. ಕಳೆದ ಸೆಮಿಸ್ಟರ್‌ನಲ್ಲಿ ನೀವು ಏನೇನು ಮಾಡಿದಿರಿ? ಹೊಸದಾಗಿ ಬಂದವರಿಗೆ ಮೊದಲ ತಿಂಗಳು ಯಾವ ಕೆಲಸ ಕೊಡುತ್ತೀರಿ? ವಾರಕ್ಕೆ ಎಷ್ಟು ಗಂಟೆ ಬೇಕಾಗುತ್ತದೆ? ಮಾಸ್ಟರ್ಸ್ ಓದುವವರು ನಿಮ್ಮಲ್ಲಿ ಎಷ್ಟು ಜನ ಇದ್ದಾರೆ?

ಎರಡನೇ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ. "ಹೊಸಬರನ್ನು ಮೂರು ಗುಂಪು ಮಾಡಿ ಒಂದೊಂದು ಪುಟ್ಟ ಪ್ರಾಜೆಕ್ಟ್ ಕೊಡುತ್ತೇವೆ" ಎಂದರೆ ಅಲ್ಲಿ ನಿಮಗೆ ಜಾಗ ಇದೆ. "ಬನ್ನಿ, ಚೆನ್ನಾಗಿರುತ್ತೆ" ಎಂದಷ್ಟೇ ಹೇಳಿದರೆ ಅವರೇ ಇನ್ನೂ ಯೋಚಿಸಿಲ್ಲ. ನಾಲ್ಕನೆಯದೂ ಮುಖ್ಯ. ದೊಡ್ಡ ಯೂನಿವರ್ಸಿಟಿಗಳ ಹೆಚ್ಚಿನ ಕ್ಲಬ್‌ಗಳಲ್ಲಿ ಡಿಗ್ರಿ ಓದುವ 18-21ರ ಹುಡುಗರೇ ಜಾಸ್ತಿ. ಮಾಸ್ಟರ್ಸ್‌ನವರನ್ನು ಬೇಡ ಎನ್ನುವುದಿಲ್ಲ, ಆದರೆ ಪದಾಧಿಕಾರಿಯಾಗಲು ಅಥವಾ ಸ್ಪರ್ಧೆಗೆ ಹೋಗಲು ಅವಕಾಶ ಇದೆಯೇ ಎಂದು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಜನವರಿಯಲ್ಲಿ ಕೋರ್ಸ್ ಶುರುಮಾಡುವವರು ನಿರಾಶರಾಗಬೇಕಿಲ್ಲ. ಹಲವು ಯೂನಿವರ್ಸಿಟಿಗಳಲ್ಲಿ ಆಗಲೂ ಸಣ್ಣ ಮೇಳ ನಡೆಯುತ್ತದೆ. ಹೊರಗೆ ಹಿಮ ಬೀಳುತ್ತಿರುವುದರಿಂದ ಒಳಗಿನ ಹಾಲ್‌ನಲ್ಲಿ.

ಎರಡನೇ ವಾರ: ಮೊದಲ ಮೀಟಿಂಗ್, ಅದಕ್ಕಿಂತ ಮುಖ್ಯವಾಗಿ ಎರಡನೇ ಮೀಟಿಂಗ್

ಮೇಳ ಮುಗಿದ ಹತ್ತು ದಿನದೊಳಗೆ ಪರಿಚಯದ ಮೀಟಿಂಗ್‌ಗಳು ಶುರು. ಪಿಜ್ಜಾ ಇರುತ್ತದೆ. ಪೆಪ್ಪರೋನಿ ಎಂದರೆ ಮಾಂಸ, ಸಸ್ಯಾಹಾರಿಗಳು ಚೀಸ್ ಪಿಜ್ಜಾ ಕೇಳಿ. ನೂರೈವತ್ತು ಜನ ಕೂತಿರುತ್ತಾರೆ, ಪ್ರೆಸಿಡೆಂಟ್ ಸ್ಲೈಡ್ ತೋರಿಸುತ್ತಾರೆ, ಡಿಸ್ಕಾರ್ಡ್ ಅಥವಾ ಗ್ರೂಪ್‌ಮೀ ಗುಂಪಿನ ಕ್ಯೂಆರ್ ಕೋಡ್ ಪರದೆ ಮೇಲೆ ಬರುತ್ತದೆ. ಭಾರತದಲ್ಲಿ ಎಲ್ಲದಕ್ಕೂ ವಾಟ್ಸ್ಯಾಪ್ ಇದ್ದ ಹಾಗೆ ಅಲ್ಲಿ ಈ ಆ್ಯಪ್‌ಗಳು. ಅಲ್ಲೇ ಸೇರಿಕೊಳ್ಳಿ. ಮೀಟಿಂಗ್ ಎಲ್ಲಿ, ರೂಮ್ ಬದಲಾಯಿತೇ ಎಂಬ ಸುದ್ದಿಯೆಲ್ಲ ಬರುವುದು ಅಲ್ಲಿಗೇ.

ಇಷ್ಟು ಜನರ ನಡುವೆ ನನ್ನನ್ನು ಯಾರು ಗಮನಿಸುತ್ತಾರೆ ಎಂದು ಅನಿಸುತ್ತದೆ. ನಿಜ, ಗಮನಿಸುವುದಿಲ್ಲ. ಎರಡನೇ ಮೀಟಿಂಗಿಗೆ ಬನ್ನಿ. ಪಿಜ್ಜಾ ಇಲ್ಲ, ಮಳೆ ಬೇರೆ, ಬಂದವರ ಸಂಖ್ಯೆ ಅರ್ಧಕ್ಕಿಂತ ಕಡಿಮೆ. ಮೂರನೆಯದಕ್ಕೆ ಮಿಡ್‌ಟರ್ಮ್ ಪರೀಕ್ಷೆ ಹತ್ತಿರ ಬಂದಿರುತ್ತದೆ, ಇನ್ನೂ ಕಡಿಮೆ. ಈ ಎರಡಕ್ಕೂ ಬಂದವರ ಮುಖ ಪದಾಧಿಕಾರಿಗಳಿಗೆ ನೆನಪಿರುತ್ತದೆ. ಕೆಲಸ ಹಂಚುವಾಗ ಅವರ ಹೆಸರೇ ಮೊದಲು ಬಾಯಿಗೆ ಬರುವುದು.

ಹಾಗಾಗಿ ನನ್ನ ಸಲಹೆ ಇದು. ಮೊದಲ ಮೀಟಿಂಗಿಗೆ ಐದು ಕ್ಲಬ್‌ಗಳಿಗೆ ಹೋಗಿ. ಎರಡನೆಯದಕ್ಕೆ ಮೂರಕ್ಕೆ. ತಿಂಗಳು ಮುಗಿಯುವ ಹೊತ್ತಿಗೆ ಎರಡನ್ನು ಉಳಿಸಿಕೊಳ್ಳಿ. ಒಂದು ಓದಿಗೆ ಹತ್ತಿರವಾದದ್ದು, ಒಂದು ಅದಕ್ಕೆ ಏನೂ ಸಂಬಂಧವಿಲ್ಲದ್ದು. ಎಂಎಸ್‌ನ ಓದು, ಅಡುಗೆ, ಬಟ್ಟೆ ಒಗೆಯುವುದು, ಕ್ಯಾಂಪಸ್ ಕೆಲಸ ಎಲ್ಲದರ ಜೊತೆ ಎರಡಕ್ಕಿಂತ ಜಾಸ್ತಿ ಕ್ಲಬ್ ನಿಭಾಯಿಸಲು ಆಗುವುದಿಲ್ಲ.

ಅರ್ಜಿ, ಇಂಟರ್ವ್ಯೂ, ಆಡಿಷನ್ ಇರುವ ಕ್ಲಬ್‌ಗಳು

ಎಲ್ಲ ಕ್ಲಬ್‌ಗಳ ಬಾಗಿಲೂ ತೆರೆದಿರುವುದಿಲ್ಲ. ಕನ್ಸಲ್ಟಿಂಗ್ ಕ್ಲಬ್, ಡ್ಯಾನ್ಸ್ ಟೀಮ್, ಹಾಡುವ ತಂಡ, ಹ್ಯಾಕಥಾನ್ (ಒಂದೆರಡು ದಿನ ಬಿಡದೆ ಕೂತು ಸಾಫ್ಟ್‌ವೇರ್ ಕಟ್ಟುವ ಸ್ಪರ್ಧೆ) ನಡೆಸುವವರು ಆಯ್ಕೆ ಮಾಡಿ ತೆಗೆದುಕೊಳ್ಳುತ್ತಾರೆ. ಯುಐಯುಸಿಯ ಹ್ಯಾಕ್‌ಇಲಿನಾಯ್ 2014ರಲ್ಲಿ ಶುರುವಾದ ದೊಡ್ಡ ಹ್ಯಾಕಥಾನ್. ಅದರಲ್ಲಿ ಭಾಗವಹಿಸುವುದು ಬೇರೆ, ಅದನ್ನು ನಡೆಸುವ ತಂಡಕ್ಕೆ ಸೇರುವುದು ಬೇರೆ. ಇಂಥ ಕಡೆ ಅರ್ಜಿ ಹಾಕಲು ಒಂದೆರಡು ವಾರ ಮಾತ್ರ ಕೊಡುತ್ತಾರೆ. ಮೇಳದ ದಿನವೇ ಕೊನೆಯ ದಿನಾಂಕ ಬರೆದುಕೊಳ್ಳಿ.

ಆಯ್ಕೆ ಆಗದೇ ಇರಬಹುದು. ನಾಲ್ಕು ವರ್ಷ ಓದುವವರನ್ನೇ ತೆಗೆದುಕೊಳ್ಳೋಣ ಎಂದು ಕೆಲವು ಕಡೆ ಯೋಚಿಸುತ್ತಾರೆ, ಎರಡು ವರ್ಷಕ್ಕೆ ಹೋಗುವವರಿಗೆ ತರಬೇತಿ ಕೊಟ್ಟು ಏನು ಲಾಭ ಎಂಬ ಲೆಕ್ಕ. ಅರ್ಜಿಯಲ್ಲೇ ಇದಕ್ಕೆ ಉತ್ತರ ಕೊಟ್ಟುಬಿಡಿ. ಊರಿನಲ್ಲಿ ಎರಡು ವರ್ಷ ಕಂಪನಿಯಲ್ಲಿ ಕೆಲಸ ಮಾಡಿದ್ದರೆ ಅದನ್ನು ಮೊದಲ ಸಾಲಿನಲ್ಲಿ ಹೇಳಿ. ಮೊದಲ ವರ್ಷದ ಡಿಗ್ರಿ ಹುಡುಗರ ಹತ್ತಿರ ಅದು ಇರುವುದಿಲ್ಲ.

ಬಾಗಿಲು ತೆರೆದಿರುವ ಕ್ಲಬ್‌ಗಳು ಕಡಿಮೆ ಎಂದುಕೊಳ್ಳಬೇಡಿ. ಸಿಗ್‌ಪೋನಿ ಎಂಬ ಎಸಿಎಂನ ಸೈಬರ್ ಸೆಕ್ಯುರಿಟಿ ಗುಂಪು ಸ್ಪರ್ಧೆಗಳಲ್ಲಿ ಹೆಸರು ಮಾಡಿದೆ, ಆದರೂ ಏನೂ ಗೊತ್ತಿಲ್ಲದವರಿಗೂ ಕಲಿಸುತ್ತದೆ. 1871ರಲ್ಲಿ ಶುರುವಾದ ಡೈಲಿ ಇಲಿನಿ ಎಂಬ ವಿದ್ಯಾರ್ಥಿ ಪತ್ರಿಕೆ ಇದೆ. ಅದಕ್ಕೆ ಒಂದು ಕಾಲದಲ್ಲಿ ಸಂಪಾದಕರಾಗಿದ್ದವರು ಆಮೇಲೆ ಸಿನಿಮಾ ವಿಮರ್ಶಕರಾಗಿ ಹೆಸರಾದ ರೋಜರ್ ಈಬರ್ಟ್. ಬರೆಯುವ ಆಸೆ ಇದ್ದರೆ ಅಂಥ ಪತ್ರಿಕೆಗಳ ಬಾಗಿಲು ತಟ್ಟಿ.

ಕೆಲಸ ಹಿಡಿಯಿರಿ

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ದೊಡ್ಡ ಯೂನಿವರ್ಸಿಟಿಯಲ್ಲಿ ಮೀಟಿಂಗಿಗೆ ಹೋಗಿ ಕೂತು ಬಂದರೆ ವರ್ಷ ಕಳೆದರೂ ಪರಿಚಯ ಆಗುವುದಿಲ್ಲ. ಜೊತೆಗೆ ಕೆಲಸ ಮಾಡಿದರೆ ಒಂದೇ ಶನಿವಾರದಲ್ಲಿ ಆಗುತ್ತದೆ.

ಅಲ್ಲಿ ಮಾತು ಶುರುಮಾಡುವುದು ನಮ್ಮವರಿಗೆ ಕಷ್ಟ. ಭಾಷೆ ಬರುತ್ತದೆ, ಆದರೆ ಅವರ ಫುಟ್‌ಬಾಲ್, ಅವರ ಟಿವಿ ಷೋ, ಅವರ ಹೈಸ್ಕೂಲಿನ ಕಥೆಗಳ ನಡುವೆ ಎಲ್ಲಿ ಬಾಯಿ ಹಾಕಬೇಕೋ ತಿಳಿಯುವುದಿಲ್ಲ. ಕೈಯಲ್ಲಿ ಕೆಲಸ ಇದ್ದಾಗ ಈ ತೊಂದರೆ ಇರುವುದಿಲ್ಲ. ಸೋಲಾರ್ ಕಾರ್ ತಂಡದಲ್ಲಿ ವೈರ್ ಸುಲಿಯುತ್ತಾ ಕೂತರೆ ಮಾತಾಡಲು ವೈರೇ ಇದೆ. ಕುರ್ಚಿ ಜೋಡಿಸುವಾಗ, ಪೋಸ್ಟರ್ ಅಂಟಿಸುವಾಗ, ಕಾರ್ಯಕ್ರಮ ಮುಗಿದ ಮೇಲೆ ಕಸ ಎತ್ತುವಾಗ ಮಾತು ತಾನಾಗಿಯೇ ಬರುತ್ತದೆ.

ಆದ್ದರಿಂದ ಎರಡನೇ ಅಥವಾ ಮೂರನೇ ಮೀಟಿಂಗ್‌ನಲ್ಲೇ ಒಂದು ಸಣ್ಣ ಕೆಲಸ ಕೇಳಿ ತೆಗೆದುಕೊಳ್ಳಿ. "ನಾನು ಏನಾದರೂ ಸಹಾಯ ಮಾಡಲೇ?" ಎಂದು ಕೇಳಿದರೆ "ಖಂಡಿತ, ಹೇಳುತ್ತೇವೆ" ಎನ್ನುತ್ತಾರೆ, ಆಮೇಲೆ ಮರೆಯುತ್ತಾರೆ. ಬದಲಿಗೆ ಕೆಲಸದ ಹೆಸರು ಹೇಳಿ ಕೇಳಿ: "ಮುಂದಿನ ಗುರುವಾರದ ಮೀಟಿಂಗಿನ ಪೋಸ್ಟರ್ ನಾನು ಮಾಡುತ್ತೇನೆ", "ಸ್ಪೀಕರ್‌ಗೆ ಇಮೇಲ್ ನಾನು ಬರೆಯುತ್ತೇನೆ", "ಶನಿವಾರ ವರ್ಕ್‌ಶಾಪ್‌ಗೆ ಬೆಳಿಗ್ಗೆ ಬಂದು ರೂಮ್ ಸಿದ್ಧಮಾಡುತ್ತೇನೆ." ಹೇಳಿದ ದಿನಕ್ಕೆ ಮುಗಿಸಿ. ತಡವಾಗುವುದಾದರೆ ಹಿಂದಿನ ದಿನವೇ ತಿಳಿಸಿ. ಎಲ್ಲರೂ ವಿದ್ಯಾರ್ಥಿಗಳೇ ಆದ್ದರಿಂದ ಹೇಳಿದ್ದನ್ನು ಮರೆಯುವವರು ಕ್ಲಬ್‌ಗಳಲ್ಲಿ ಬಹಳ. ಹೇಳಿದ ದಿನಕ್ಕೆ ಮಾಡಿಕೊಡುವ ಒಬ್ಬರು ಸಿಕ್ಕರೆ ಅವರನ್ನು ಕೈಬಿಡುವುದೇ ಇಲ್ಲ.

ನಾವು ಬೆಳೆದ ರೀತಿ ಇಲ್ಲಿ ಸ್ವಲ್ಪ ಅಡ್ಡ ಬರುತ್ತದೆ. ಮನೆಗೆ ಬಂದವರಿಗೆ ಊಟಕ್ಕೆ ಏಳಿ ಎಂದು ಮೂರು ಸಲ ಹೇಳುವ ಊರು ನಮ್ಮದು. ಮೊದಲ ಸಲಕ್ಕೇ ಎದ್ದರೆ ಸಂಕೋಚ ಇಲ್ಲದವರು ಎಂದುಕೊಂಡಾರು ಎಂಬ ಅಂಜಿಕೆ. ಅಲ್ಲಿ ಒಂದೇ ಸಲ ಕೇಳುತ್ತಾರೆ. "ಯಾರಾದರೂ ಇದನ್ನು ವಹಿಸಿಕೊಳ್ಳುತ್ತೀರಾ?" ಎಂದಾಗ ಕೈ ಎತ್ತದಿದ್ದರೆ ನಿಮಗೆ ಆಸಕ್ತಿ ಇಲ್ಲ ಎಂದೇ ತಿಳಿಯುತ್ತಾರೆ. ಅದರಲ್ಲಿ ತಿರಸ್ಕಾರ ಏನೂ ಇಲ್ಲ.

ಪದಾಧಿಕಾರಿಗಳ ಚುನಾವಣೆ ಸಾಮಾನ್ಯವಾಗಿ ಮಾರ್ಚ್-ಏಪ್ರಿಲ್‌ನಲ್ಲಿ. ಆಗಸ್ಟ್‌ನಲ್ಲಿ ಬಂದು ಎರಡು ಸೆಮಿಸ್ಟರ್ ಕೆಲಸ ಮಾಡಿದವರು ಎರಡನೇ ವರ್ಷಕ್ಕೆ ಟ್ರೆಷರರ್ ಆಗಿಯೋ ಪ್ರಾಜೆಕ್ಟ್ ಲೀಡ್ ಆಗಿಯೋ ನಿಲ್ಲಬಹುದು. ರೆಸ್ಯೂಮೆಗೆ ಒಂದು ಸಾಲು ಸಿಗಲಿ ಎಂದಷ್ಟೇ ನಿಲ್ಲುವುದು ಬೇಡ. ಇಂಟರ್ವ್ಯೂನಲ್ಲಿ ಕೇಳುವುದು ಆ ಸಾಲಿನ ಹಿಂದಿನ ಕಥೆ. ಬಜೆಟ್ ಕಡಿಮೆ ಬಿದ್ದಾಗ ಏನು ಮಾಡಿದಿರಿ, ಇಬ್ಬರು ಜಗಳ ಆಡಿದಾಗ ಹೇಗೆ ಬಿಡಿಸಿದಿರಿ ಎಂದು ಕೇಳುತ್ತಾರೆ. ಅಂಥ ಕಥೆ ಕೆಲಸ ಮಾಡಿದವರ ಹತ್ತಿರ ಮಾತ್ರ ಇರುತ್ತದೆ.

ಯುಐಯುಸಿಯಲ್ಲಿ ವಸಂತದಲ್ಲಿ ಇಂಜಿನಿಯರಿಂಗ್ ಓಪನ್ ಹೌಸ್ ಎಂಬ ದೊಡ್ಡ ಪ್ರದರ್ಶನ ನಡೆಯುತ್ತದೆ. ಸುತ್ತಲಿನ ಊರುಗಳಿಂದ ಸಾವಿರಾರು ಶಾಲಾ ಮಕ್ಕಳು ಬರುತ್ತಾರೆ. ನಡೆಸುವವರು ವಿದ್ಯಾರ್ಥಿಗಳೇ. ವರ್ಷವಿಡೀ ಕ್ಲಬ್ಬಿಗೆ ಹೋಗಲು ಆಗದವರು ಇಂಥದ್ದಕ್ಕೆ ಸ್ವಯಂಸೇವಕರಾಗಿ ಹೋಗಬಹುದು.

ದುಡ್ಡಿನ ವಿಷಯ

ಹೆಚ್ಚಿನ ಕ್ಲಬ್‌ಗಳಲ್ಲಿ ಸದಸ್ಯತ್ವಕ್ಕೆ ಸ್ವಲ್ಪ ದುಡ್ಡು ಇರುತ್ತದೆ, ಅದಕ್ಕೆ ಡ್ಯೂಸ್ ಎನ್ನುತ್ತಾರೆ. ಕೆಲವಕ್ಕೆ ಏನೂ ಇಲ್ಲ. ಸ್ಕೀಯಿಂಗ್, ದೋಣಿ, ವಿಮಾನ ಹಾರಿಸುವ ಕ್ಲಬ್‌ಗಳು ದುಬಾರಿ. ಕೊಡುವ ಮುಂಚೆ ವರ್ಷಕ್ಕೆ ಒಟ್ಟು ಎಷ್ಟು, ಪ್ರಯಾಣದ ಖರ್ಚು ಬೇರೆಯೇ ಎಂದು ಕೇಳಿ. ಕೈ ಬಿಗಿ ಇದ್ದರೆ ಟ್ರೆಷರರ್‌ಗೆ ಮೆಸೇಜ್ ಮಾಡಿ ಹೇಳಿ. ಮನ್ನಾ ಮಾಡುವ, ಕಂತಿನಲ್ಲಿ ತೆಗೆದುಕೊಳ್ಳುವ ಕ್ಲಬ್‌ಗಳೂ ಇವೆ. ಹೀಗೆ ಕೇಳುವುದು ಅಲ್ಲಿ ನಾಚಿಕೆಯ ವಿಷಯ ಅಲ್ಲ.

ಒಂದು ಮಾತು ಗೊತ್ತಿರಲಿ. ನಿಮ್ಮ ಸೆಮಿಸ್ಟರ್ ಫೀಸಿನಲ್ಲಿ ಕ್ಲಬ್‌ಗಳಿಗೆಂದೇ ಒಂದು ಪಾಲು ಈಗಾಗಲೇ ಹೋಗಿದೆ. ಯುಐಯುಸಿಯಲ್ಲಿ ಅದಕ್ಕೆ ಸಾರ್ಫ್ ಎನ್ನುತ್ತಾರೆ. ಕ್ಲಬ್‌ಗಳು ಅರ್ಜಿ ಹಾಕಿ ಅದರಿಂದ ದುಡ್ಡು ಪಡೆಯುತ್ತವೆ. ಇಂಥ ಶುಲ್ಕದ ಬಗ್ಗೆ ವಿಸ್ಕಾನ್ಸಿನ್ ಯೂನಿವರ್ಸಿಟಿಯ ವಿದ್ಯಾರ್ಥಿಗಳು ಹೂಡಿದ ಕೇಸಿನಲ್ಲಿ 2000ದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಸರ್ಕಾರಿ ಯೂನಿವರ್ಸಿಟಿ ಈ ಶುಲ್ಕ ವಸೂಲಿ ಮಾಡಬಹುದು, ಆದರೆ ಯಾರ ಅಭಿಪ್ರಾಯ ಏನು ಎಂದು ನೋಡಿ ದುಡ್ಡು ಹಂಚುವ ಹಾಗಿಲ್ಲ ಎಂದಿತು. ಒಂದಿಷ್ಟು ಜನ ಸೇರಿ ಯಕ್ಷಗಾನದ ಕ್ಲಬ್ ನೋಂದಾಯಿಸಿದರೂ ಅದೇ ನಿಧಿಗೆ ಅರ್ಜಿ ಹಾಕಬಹುದು. ಅರ್ಜಿಗೆ ಕೊನೆಯ ದಿನಾಂಕ ಕಾರ್ಯಕ್ರಮಕ್ಕಿಂತ ಬಹಳ ಮುಂಚೆಯೇ ಇರುತ್ತದೆ. ದೀಪಾವಳಿಗೆ ದುಡ್ಡು ಬೇಕಾದರೆ ಆಗಸ್ಟ್ ಕೊನೆಗೇ ದಿನಾಂಕ ನೋಡಿಕೊಳ್ಳಿ.

ವೀಸಾ: ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ

ಕ್ಲಬ್‌ನಲ್ಲಿ ಸದಸ್ಯರಾಗುವುದಕ್ಕೆ, ಪದಾಧಿಕಾರಿಯಾಗುವುದಕ್ಕೆ ಎಫ್-1 ವೀಸಾ ಅಡ್ಡಿ ಇಲ್ಲ. ದುಡ್ಡು ಬರುವ ಕಡೆ ಮಾತ್ರ ಎಚ್ಚರ. ಓದುವ ಅವಧಿಯಲ್ಲಿ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮೀರುವಂತಿಲ್ಲ. ಟಿಎ (ಪಾಠಕ್ಕೆ ಸಹಾಯಕ) ಅಥವಾ ಆರ್‌ಎ (ಸಂಶೋಧನೆಗೆ ಸಹಾಯಕ) ಆಗಿ ಪೂರ್ತಿ 20 ಗಂಟೆ ತುಂಬಿದ್ದರೆ, ಕ್ಲಬ್ ಅಥವಾ ಪತ್ರಿಕೆ ಸಂಬಳ ಕೊಡುವ ಇನ್ನೊಂದು ಕೆಲಸ ತೆಗೆದುಕೊಳ್ಳಲು ಜಾಗವೇ ಉಳಿದಿಲ್ಲ. ಕ್ಯಾಂಪಸ್ ಹೊರಗೆ ಅನುಮತಿ ಇಲ್ಲದೆ ದುಡಿಯುವುದಂತೂ ಬೇಡವೇ ಬೇಡ. ಡ್ಯಾನ್ಸ್ ಟೀಮ್ ಮದುವೆಯಲ್ಲಿ ಕುಣಿದು ದುಡ್ಡು ಹಂಚಿಕೊಳ್ಳುವುದು, ಹ್ಯಾಕಥಾನ್ ಬಹುಮಾನದ ಹಣ, ಸ್ಟಾರ್ಟಪ್ ಕ್ಲಬ್‌ನಲ್ಲಿ ಕಂಪನಿ ತೆರೆಯುವುದು, ಇಂಥ ಯಾವುದೇ ಸಂದರ್ಭದಲ್ಲಿ ಒಪ್ಪಿಕೊಳ್ಳುವ ಮುಂಚೆ ಇಂಟರ್‌ನ್ಯಾಷನಲ್ ವಿದ್ಯಾರ್ಥಿಗಳ ಆಫೀಸಿಗೆ ಇಮೇಲ್ ಬರೆದು ಕೇಳಿ. ಉತ್ತರವನ್ನು ಇಟ್ಟುಕೊಳ್ಳಿ. ಸ್ನೇಹಿತರು "ಏನೂ ಆಗಲ್ಲ" ಎಂದರೆ ನಂಬಬೇಡಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ರಾಕೆಟ್, ಉಪಗ್ರಹ, ರಕ್ಷಣಾ ಕಂಪನಿಗಳು ದುಡ್ಡು ಕೊಡುವ ಕೆಲವು ಪ್ರಾಜೆಕ್ಟ್‌ಗಳಿಗೆ ಅಮೆರಿಕದ ರಫ್ತು ನಿಯಂತ್ರಣ ಕಾನೂನು ಅನ್ವಯಿಸುತ್ತದೆ. ಅಲ್ಲಿ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ ಪ್ರವೇಶ. ಇಡೀ ಕ್ಲಬ್ಬಿಗೆ ಹೀಗಿರುವುದು ಕಡಿಮೆ, ಒಂದೊಂದು ಪ್ರಾಜೆಕ್ಟಿಗೆ ಇರುತ್ತದೆ. ಏರೋಸ್ಪೇಸ್ ಓದಲು ಹೋಗುವವರು ಮೇಳದಲ್ಲೇ ಕೇಳಿಬಿಡಿ. ಸೆಮಿಸ್ಟರ್ ಅರ್ಧ ಕಳೆದ ಮೇಲೆ ತಿಳಿದರೆ ಮನಸ್ಸಿಗೆ ಬಹಳ ನೋವಾಗುತ್ತದೆ.

ನಮ್ಮವರ ಸಂಘಗಳು

ದೊಡ್ಡ ಯೂನಿವರ್ಸಿಟಿಗಳಲ್ಲಿ ಭಾರತೀಯ ವಿದ್ಯಾರ್ಥಿಗಳ ಸಂಘ ಇದ್ದೇ ಇರುತ್ತದೆ. ಏರ್‌ಪೋರ್ಟಿನಿಂದ ಕರೆದುಕೊಂಡು ಬರುವುದು, ಮನೆ ಸಿಗುವ ತನಕ ನಾಲ್ಕು ದಿನ ಇರಲು ಜಾಗ, ದೀಪಾವಳಿ, ಹೋಳಿ, ಕ್ರಿಕೆಟ್, ಇವೆಲ್ಲ ಅವರಿಂದ. ಮೊದಲ ತಿಂಗಳಲ್ಲಿ ಅವರ ಆಸರೆ ತೆಗೆದುಕೊಳ್ಳಿ. ಮುಂದಿನ ವರ್ಷ ಹೊಸಬರನ್ನು ಕರೆತರಲು ನೀವು ಹೋಗಿ.

"ಅಮೆರಿಕಕ್ಕೆ ಹೋಗಿ ಬರೀ ಇಂಡಿಯನ್ಸ್ ಜೊತೆ ಇರಬೇಡ" ಎಂದು ಹೊರಡುವಾಗ ಬಹಳ ಜನ ಉಪದೇಶ ಮಾಡುತ್ತಾರೆ. ನನಗೆ ಆ ಮಾತು ಪೂರ್ತಿ ಸರಿ ಎನಿಸುವುದಿಲ್ಲ. ನವೆಂಬರ್‌ನಲ್ಲಿ ಸಂಜೆ ಐದಕ್ಕೇ ಕತ್ತಲಾಗುವ ಊರಿನಲ್ಲಿ, ಜ್ವರ ಬಂದು ಮಲಗಿದಾಗ, ಬಿಸಿ ಗಂಜಿ ತಂದುಕೊಡುವ ಒಬ್ಬರಾದರೂ ಬೇಕು. ಹಾಗಂತ ರೂಮ್‌ಮೇಟ್, ಪ್ರಾಜೆಕ್ಟ್ ಪಾರ್ಟ್‌ನರ್, ಕ್ಲಬ್ ಮೂರೂ ಒಂದೇ ಗುಂಪಾದರೆ ಹೊಸಬರ ಪರಿಚಯವೇ ಆಗುವುದಿಲ್ಲ. ಎರಡು ಕ್ಲಬ್ ಉಳಿಸಿಕೊಳ್ಳಿ ಎಂದೆನಲ್ಲ, ಅದರಲ್ಲಿ ಒಂದು ಬೇರೆಬೇರೆ ದೇಶದವರು ಬೆರೆತದ್ದಾಗಿರಲಿ.

ಎರಡಕ್ಕೂ ನಡುವೆ ನಿಲ್ಲುವ ಕ್ಲಬ್‌ಗಳೂ ಇವೆ. ಆಶಾ ಫಾರ್ ಎಜುಕೇಷನ್ 1991ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಗಳು ಶುರುಮಾಡಿದ ಸಂಸ್ಥೆ, ಭಾರತದ ಮಕ್ಕಳ ಓದಿಗೆ ಹಣ ಸೇರಿಸುತ್ತದೆ. ಹಲವು ಯೂನಿವರ್ಸಿಟಿ ಊರುಗಳಲ್ಲಿ ಅದರ ಶಾಖೆಗಳಿವೆ.

ಕನ್ನಡದ ವಿಷಯಕ್ಕೆ ಬಂದರೆ, ಹೆಚ್ಚಿನ ಕ್ಯಾಂಪಸ್‌ಗಳಲ್ಲಿ ಕನ್ನಡದವರದ್ದು ಒಂದು ವಾಟ್ಸ್ಯಾಪ್ ಗುಂಪು ಇರುತ್ತದೆ, ನೋಂದಾಯಿತ ಕ್ಲಬ್ ಇರುವುದಿಲ್ಲ. ಹತ್ತಿರದ ದೊಡ್ಡ ಊರಿನಲ್ಲಿ ಕನ್ನಡ ಕೂಟ ಇರುತ್ತದೆ. ಶಿಕಾಗೋದಲ್ಲಿ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯ್ಟ್ ಕಡೆ ಪಂಪ ಕನ್ನಡ ಕೂಟ, ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ. ಯುಗಾದಿ, ರಾಜ್ಯೋತ್ಸವಕ್ಕೆ ಅಲ್ಲಿ ಸೇರುವವರು ಹೆಚ್ಚಾಗಿ ಸಂಸಾರಸ್ಥರು. ಹೋಗಲು ಹಿಂಜರಿಯಬೇಡಿ. ಸ್ಟೇಜ್, ಸೌಂಡ್, ಬಡಿಸುವುದು ಎಲ್ಲದಕ್ಕೂ ಕೈ ಬೇಕಿರುತ್ತದೆ. "ಅಂಕಲ್, ಏನು ಮಾಡಲಿ ಹೇಳಿ" ಎಂದರೆ ಸಾಕು, ಹೊರಡುವಾಗ ಬಿಸಿಬೇಳೆಬಾತ್ ಡಬ್ಬಿಯಲ್ಲಿ ಕಟ್ಟಿ ಕೊಟ್ಟೇ ಕಳಿಸುತ್ತಾರೆ. ಅವರಲ್ಲಿ ನಿಮ್ಮ ಕ್ಷೇತ್ರದಲ್ಲೇ ಇಪ್ಪತ್ತು ವರ್ಷ ಕೆಲಸ ಮಾಡಿದವರು ಇರುತ್ತಾರೆ.

ಬಿಟ್ಟು ಬರಬೇಕಾದಾಗ

ಕ್ಲಬ್ ಹಿಡಿಸದಿದ್ದರೆ ಬಿಡಿ. ಒಪ್ಪಿಕೊಂಡ ಕೆಲಸ ಮುಗಿಸಿ, ಒಂದು ಮೆಸೇಜ್ ಹಾಕಿ ಹೊರಬನ್ನಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ತಡಮಾಡದೆ ಹೊರಬನ್ನಿ. ಸೇರಿಸಿಕೊಳ್ಳಲು ಬಲವಂತವಾಗಿ ಕುಡಿಸುವುದು, ನಿದ್ದೆಗೆಡಿಸುವುದು, ಅವಮಾನ ಮಾಡುವುದು ಇದ್ದರೆ ಅದಕ್ಕೆ ಅಲ್ಲಿ ಹೇಜಿಂಗ್ ಎನ್ನುತ್ತಾರೆ, ನಮ್ಮ ರ‍್ಯಾಗಿಂಗ್‌ನ ಹಾಗೆ. ಗ್ರೀಕ್ ಅಕ್ಷರದ ಹೆಸರಿನ ಫ್ರೆಟರ್ನಿಟಿಗಳ (ಹುಡುಗರ ಸಂಘಗಳು) ಬಗ್ಗೆ ಇಂಥ ದೂರು ಜಾಸ್ತಿ ಕೇಳಿಬಂದರೂ ಬೇರೆ ಕಡೆಯೂ ನಡೆಯುತ್ತದೆ. 2024ರ ಡಿಸೆಂಬರ್‌ನಲ್ಲಿ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆ್ಯಕ್ಟ್ ಎಂಬ ಕೇಂದ್ರ ಕಾನೂನು ಬಂದಿದೆ. ತಪ್ಪು ಮಾಡಿದ ಸಂಘಟನೆಗಳ ವಿವರವನ್ನು ಯೂನಿವರ್ಸಿಟಿಗಳು ಪ್ರಕಟಿಸಬೇಕು. ಸೇರುವ ಮುಂಚೆ ಆ ವಿವರ ಹುಡುಕಿ ಓದಿ. ದೂರು ಕೊಟ್ಟರೆ ವೀಸಾಕ್ಕೆ ತೊಂದರೆ ಆಗುತ್ತದೆ ಎಂದು ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಬೇಕಾದ ಕ್ಲಬ್ ಇಲ್ಲದಿದ್ದರೆ

ಹೊಸದು ಶುರುಮಾಡಬಹುದು. ಒಂದಿಷ್ಟು ಸದಸ್ಯರು, ಪ್ರೆಸಿಡೆಂಟ್, ಟ್ರೆಷರರ್, ಎರಡು ಪುಟದ ನಿಯಮಾವಳಿ, ಆನ್‌ಲೈನ್ ಫಾರಂ. ಎಷ್ಟು ಸದಸ್ಯರು ಎಂಬುದು ಯೂನಿವರ್ಸಿಟಿಯಿಂದ ಯೂನಿವರ್ಸಿಟಿಗೆ ಬದಲಾಗುತ್ತದೆ. ನೋಂದಣಿ ಆದ ಮೇಲೆ ರೂಮ್ ಬುಕ್ ಮಾಡಬಹುದು, ನಿಧಿಗೆ ಅರ್ಜಿ ಹಾಕಬಹುದು, ಮುಂದಿನ ಕ್ವಾಡ್ ಡೇಯಲ್ಲಿ ನಿಮ್ಮದೂ ಒಂದು ಮೇಜು.

ಎಂಎಸ್ ವಿದ್ಯಾರ್ಥಿಗಳು ಕಟ್ಟಿದ ಕ್ಲಬ್‌ಗಳು ಎರಡು ವರ್ಷಕ್ಕೆ ಮುಚ್ಚಿಹೋಗುವುದು ಹೆಚ್ಚು. ಕಟ್ಟಿದವರೆಲ್ಲ ಒಂದೇ ಬ್ಯಾಚ್, ಮೇ ತಿಂಗಳಲ್ಲಿ ಒಟ್ಟಿಗೇ ಹೊರಟುಬಿಡುತ್ತಾರೆ. ಹಾಗಾಗಿ ಮೊದಲ ದಿನದಿಂದಲೇ ಪಿಎಚ್‌ಡಿ ಮಾಡುವ ಒಬ್ಬರನ್ನೋ ಡಿಗ್ರಿಯ ಮೊದಲ ವರ್ಷದವರನ್ನೋ ಪದಾಧಿಕಾರಿಗಳಲ್ಲಿ ಸೇರಿಸಿಕೊಳ್ಳಿ. ಕ್ಲಬ್ಬಿನ ಇಮೇಲನ್ನು ನಿಮ್ಮ ಸ್ವಂತ ಖಾತೆಯಲ್ಲಿ ಇಡದೆ ಕ್ಲಬ್ ಹೆಸರಿನಲ್ಲೇ ತೆರೆಯಿರಿ. ಪಾಸ್‌ವರ್ಡ್, ಖರ್ಚಿನ ಲೆಕ್ಕ, ನಿಧಿಗೆ ಹಾಕಿದ ಹಳೆಯ ಅರ್ಜಿಗಳು, ಅಡುಗೆಯವರ ನಂಬರ್, ಯಾವ ರೂಮಿನ ಪ್ರೊಜೆಕ್ಟರ್ ಕೆಟ್ಟಿದೆ ಎಂಬಂಥ ಸಣ್ಣ ವಿಷಯ ಎಲ್ಲವನ್ನೂ ಒಂದೇ ಡ್ರೈವ್ ಫೋಲ್ಡರಿನಲ್ಲಿ ಹಾಕಿ. ಏಪ್ರಿಲ್‌ನಲ್ಲಿ ಚುನಾವಣೆ ಮುಗಿದ ಕೂಡಲೇ ಅದನ್ನು ಹೊಸಬರಿಗೆ ಕೊಡಿ. ಪರೀಕ್ಷೆ ಶುರುವಾಗುವ ಮುಂಚೆ ಅವರ ಜೊತೆ ಒಮ್ಮೆ ಕೂತು, ಕ್ವಾಡ್ ಡೇಗೆ ಮೇಜು ಕಾಯ್ದಿರಿಸುವುದು ಯಾವಾಗ ಎಂದು ಕ್ಯಾಲೆಂಡರಿನಲ್ಲಿ ಬರೆಸಿಬಿಡಿ.